ಪೈನ್ ಮರದ ಟಾರ್ ಹಾಕಿದ ಶಾಂಪೂ, ಸೋಪು: ಅಮ್ಮನ ಸೋರಿಯಾಸಿಸ್‌ಗೆ ಬಳಸಬಹುದಾ?

ಊಲು_ಶಿವಮೊಗ್ಗ:
ನಾವಿರುವುದು ಫಿನ್‌ಲೆಂಡ್‌ನ ಊಲುವಿನಲ್ಲಿ, ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ. ಅವರಿಗೆ ತಲೆಯಲ್ಲೂ ಮೊಣಕೈಯಲ್ಲೂ ಸೋರಿಯಾಸಿಸ್ ಇದೆ. ಇಲ್ಲಿನ ಒಣ ಹವೆಗೆ ತುರಿಕೆ ಜಾಸ್ತಿಯಾಗಿ ರಾತ್ರಿ ನಿದ್ದೆಯೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ 'ತೆರ್ವ' ಅಂತ ಪೈನ್ ಮರದ ಟಾರ್ ಹಾಕಿದ ಶಾಂಪೂ, ಸೋಪು ಸಿಗುತ್ತದೆ. ಸೌನಾ, ಹೆಂಡ, ಟಾರು ಮೂರಕ್ಕೂ ಬಗ್ಗದ ಕಾಯಿಲೆಗೆ ಮದ್ದಿಲ್ಲ ಅನ್ನುವ ಗಾದೆಯೇ ಇಲ್ಲಿದೆ. ಪಕ್ಕದ ಮನೆ ಅಜ್ಜಿ ದೋಣಿಗೆ ಬಳಿಯುವ ಟಾರಿನ ಡಬ್ಬಿ ಕೊಟ್ಟು, ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚಿ ಅಂದರು. ಆದರೆ ಟಾರ್ ಅಂದ್ರೆ ಕ್ಯಾನ್ಸರ್ ಅಂತ ಎಲ್ಲೋ ಓದಿ ಭಯ. ಪಾಪುವಿನ ನೆತ್ತಿಯಲ್ಲೂ ಹಳದಿ ಹೊಟ್ಟು ಕಟ್ಟಿದೆ, ಅದಕ್ಕೂ ಇದೇ ಶಾಂಪೂ ಆಗುತ್ತಾ?

ಸಾಬೂನು_ಮನೆ:
ಆ ಡಬ್ಬಿ ದೋಣಿಗೇ ಇರಲಿ, ದಯವಿಟ್ಟು ಚರ್ಮಕ್ಕೆ ಬೇಡ.

ನಾನು ಸೋಪು ಮಾಡಿ ಮಾರುತ್ತೇನೆ, ಪೈನ್ ಟಾರ್ ಸೋಪೂ ಮಾಡುತ್ತೇನೆ. ಪೈನ್ ಮರದ ಬೇರು, ಬೊಡ್ಡೆಗಳನ್ನು ಗಾಳಿಯಾಡದ ಹಾಗೆ ಮುಚ್ಚಿ ನಿಧಾನಕ್ಕೆ ಕಾಯಿಸಿದಾಗ ಇಳಿಯುವ ಕಪ್ಪು ರಸ ಇದು. ಸುರಿದರೆ ಕಾಕಂಬಿಯ ಹಾಗೆ ಎಳೆ ಎಳೆಯಾಗಿ ಬೀಳುತ್ತದೆ, ಗಾಢವಾದ ಹೊಗೆ ವಾಸನೆ. ಇದರಲ್ಲಿರುವ ಗ್ವಾಯಕಾಲ್, ಕ್ರೆಸಾಲ್ ಥರದ ಫೀನಾಲ್‌ಗಳು ಕ್ರಿಮಿಗಳನ್ನು ತಡೆಯುತ್ತವೆ. ಟಾರ್ ತುರಿಕೆಯನ್ನೂ ತಗ್ಗಿಸುತ್ತದೆ. ಜೊತೆಗೆ ಶಾಖ ಏರಿದಷ್ಟೂ ಬೆಂಜೋಪೈರೀನ್ ಥರದ ಪಿಎಎಚ್‌ಗಳು, ಅಂದರೆ ಸುಟ್ಟಾಗ ಹುಟ್ಟುವ ಕೆಲವು ಇಂಗಾಲದ ಸಂಯುಕ್ತಗಳು, ಉಂಟಾಗುತ್ತವೆ. ನಿಮ್ಮ ಕ್ಯಾನ್ಸರ್ ಭಯಕ್ಕೆ ಮೂಲ ಅವೇ. ಸುಗಂಧ ಉದ್ಯಮದ ಇಫ್ರಾ ನಿಯಮದ ಪ್ರಕಾರ ಬರ್ಚ್ ಮರದ ಟಾರ್, ಕೇಡ್ ಎಣ್ಣೆ (ಜುನಿಪರ್ ಮರದ ಟಾರ್) ಇವನ್ನು ಶುದ್ಧ ಮಾಡದೆ ಹಾಕುವಂತಿಲ್ಲ, ತಯಾರಾದ ಸರಕಿನಲ್ಲಿ ಗುರುತಿಗೆ ಅಳೆಯುವ ಪಿಎಎಚ್‌ಗಳು ಒಟ್ಟು 1 ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಮೀರಬಾರದು. ದೋಣಿ ಟಾರಿಗೆ ಇಂಥ ಪರೀಕ್ಷೆ ಯಾರು ಮಾಡುತ್ತಾರೆ ಹೇಳಿ?

ಚರ್ಮದ_ಡಾಕ್ಟ್ರು_ಮೈಸೂರು:
ಒಂದು ಗೊಂದಲ ಬಿಡಿಸುತ್ತೇನೆ. ನೀವು ಓದಿದ್ದು ಬಹುಶಃ ಕಲ್ಲಿದ್ದಲಿನ ಟಾರ್ ಬಗ್ಗೆ. ಅದನ್ನು ಯುರೋಪಿನಲ್ಲಿ ಸೌಂದರ್ಯವರ್ಧಕಗಳಿಗೆ ಹಾಕುವಂತಿಲ್ಲ, ಅಮೆರಿಕದಲ್ಲಿ 0.5ರಿಂದ 5 ಪರ್ಸೆಂಟ್ ವರೆಗೆ ಔಷಧಿಯಾಗಿ ಅಂಗಡಿಯಲ್ಲೇ ಸಿಗುತ್ತದೆ. ಅದು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೇಗ ಸುಡುತ್ತದೆ. ಮರದ ಟಾರಿಗೆ ಆ ಕಾಟ ಅಷ್ಟಿಲ್ಲ, ಆದರೆ ಅಲರ್ಜಿ ತರಿಸುವುದರಲ್ಲಿ ಇದೇ ಮುಂದು.

ಆಸ್ಟ್ರೇಲಿಯಾದಲ್ಲಿ ಎಕ್ಸಿಮಾ, ತುರಿಕೆಗೆ ಸ್ನಾನದ ನೀರಿಗೆ ಪೈನ್ ಟಾರ್ ದ್ರಾವಣ ಬೆರೆಸುವುದು ತುಂಬಾ ಸಾಮಾನ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ 1990ರಲ್ಲಿ, ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಸಾಲದು ಅಂತ ವೈದ್ಯರ ಚೀಟಿ ಇಲ್ಲದೆ ಸಿಗುವ ಅಂಗಡಿ ಔಷಧಿಗಳ ಪಟ್ಟಿಯಿಂದ ಇದನ್ನು ಕೈಬಿಟ್ಟಿತು. ಅಂದರೆ ತುರಿಕೆಗೆ ಆರಾಮ ಕೊಡಬಹುದು, ಸೋರಿಯಾಸಿಸ್ ವಾಸಿಯಾಗುತ್ತದೆ ಅಂತ ನಂಬಿ ಅಮ್ಮನ ಮುಲಾಮು ನಿಲ್ಲಿಸಬೇಡಿ.

ಪಾಪುವಿಗೆ ಬೇಡವೇ ಬೇಡ. ಮೊರಾಕೋದಲ್ಲಿ ಕೇಡ್ ಎಣ್ಣೆಯನ್ನು ಮೈಗೆ ಹಚ್ಚಿದ್ದಕ್ಕೇ ಎಳೆ ಕೂಸಿಗೆ ವಿಷವೇರಿದ್ದು ವೈದ್ಯಕೀಯ ವರದಿಯಲ್ಲಿದೆ. ನೆತ್ತಿಯ ಹೊಟ್ಟಿಗೆ ಸ್ವಲ್ಪ ಬೇಬಿ ಆಯಿಲ್ ಹಚ್ಚಿ, ಮೆತ್ತಗಾದ ಮೇಲೆ ಮೃದುವಾದ ಬ್ರಶ್‌ನಿಂದ ತೆಗೆದು ತೊಳೆದರೆ ಸಾಕು.

ಊಲು_ಶಿವಮೊಗ್ಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಡಬ್ಬಿ ವಾಪಸ್ ಕೊಡುತ್ತೇನೆ, ಅಜ್ಜಿಗೆ ಬೇಜಾರಾಗದ ಹಾಗೆ ಹೇಳಬೇಕು. ಅಮ್ಮನಿಗೆ ಶಾಂಪೂ ಹೇಗೆ ಶುರು ಮಾಡಲಿ? ತುರಿಸಿ ತುರಿಸಿ ಕಿವಿಯ ಹಿಂದೆ ಗಾಯ ಆಗಿದೆ.

ಚರ್ಮದ_ಡಾಕ್ಟ್ರು_ಮೈಸೂರು:
ಗಾಯ ಒಣಗುವ ತನಕ ಕಾಯಿರಿ. ಆಮೇಲೆ ಮೊದಲು ಮುಂಗೈ ಒಳಭಾಗಕ್ಕೆ ನೀರಲ್ಲಿ ಬೆರೆಸಿ ಸ್ವಲ್ಪ ಹಚ್ಚಿ ತೊಳೆಯಿರಿ, ಎರಡು ದಿನ ನೋಡಿ. ಕೆಂಪಾದರೆ, ಉರಿ ಬಂದರೆ ಅಲ್ಲಿಗೇ ಬಿಡಿ. ಕೊಳ್ಳುವಾಗ ಹಿಂಬದಿಯ ಚೀಟಿ ಓದಿ, ಬರೀ ಟಾರ್ ವಾಸನೆ ಹಾಕಿದ ಶಾಂಪೂಗಳೂ ಇರುತ್ತವೆ.

ಸಾಬೂನು_ಮನೆ:
ಟವೆಲ್ ಹಳೆಯದು ಇಟ್ಟುಕೊಳ್ಳಿ. ತಿಳಿ ಬಣ್ಣದ ಬಟ್ಟೆಗೆ ಟಾರಿನ ಕಲೆ ಹತ್ತಿದರೆ ಬಿಡುವುದು ಕಷ್ಟ.