‘ಸೆನ್ಸಿಟಿವ್ ಯೂಸ್’, ‘ಗ್ರೀನ್ ಝೋನ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಅಂಗಡಿ ಎಲ್ಲಿ ತೆರೆಯಬಹುದು, ಎಲ್ಲಿ ಕೂಡದು ಅನ್ನುವ ನಿಯಮಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಮಕ್ಕಳ ಮನೆಗೆ ಬಂದು ಇಲ್ಲೇ ಉಳಿದಿರುವ ಅಪ್ಪ ಅಮ್ಮಂದಿರು ಓದಲಿ ಅಂತ. ಕೆಲವು ಪದಗಳು ಕೈಕೊಡುತ್ತಿವೆ.

ಹಿನ್ನೆಲೆ ಇಷ್ಟು. 2016ರ ನವೆಂಬರಿನಲ್ಲಿ ಮತದಾರರು ಪ್ರೊಪೊಸಿಷನ್ 64, ಅಂದರೆ ವಯಸ್ಕರಿಗೆ ಗಾಂಜಾ ಕಾನೂನುಬದ್ಧ ಮಾಡುವ ಪ್ರಸ್ತಾವವನ್ನು ಒಪ್ಪಿದರು. 2018ರ ಜನವರಿ 1ರಿಂದ, 21 ತುಂಬಿದವರಿಗೆ ಅಂಗಡಿಯಲ್ಲಿ ಮಾರಾಟ ಶುರುವಾಯಿತು. ಆದರೆ ರಾಜ್ಯ ಒಪ್ಪಿದರೆ ಸಾಲದು, ಊರೂ ಒಪ್ಪಬೇಕು. ಸ್ಯಾನ್ ಹೋಸೆಯಲ್ಲಿ ಅಂಗಡಿಗಳಿವೆ, ಪಕ್ಕದ ಸನ್ನಿವೇಲ್ ಬೇಡವೇ ಬೇಡ ಅಂದಿದೆ. ಒಪ್ಪಿದ ಊರಲ್ಲೂ ಶಾಲೆ, ಡೇ ಕೇರ್, ಯೂತ್ ಸೆಂಟರ್‌ಗಳಿಂದ 600 ಅಡಿ ದೂರವಿರಬೇಕು. ಊರಿನವರು ಬೇಕಾದರೆ ಈ ಅಳತೆಯನ್ನು ಬದಲಿಸಿಕೊಳ್ಳಬಹುದು.

ಈ ಶಾಲೆ, ಡೇ ಕೇರ್‌ಗಳಿಗೆಲ್ಲ ಸೇರಿಸಿ ‘ಸೆನ್ಸಿಟಿವ್ ಯೂಸ್’ ಅನ್ನುತ್ತಾರೆ. ‘ಸೂಕ್ಷ್ಮ ತಾಣ’ ಅಂದರೆ ಮುಗೀತು ಅಲ್ವಾ? ಮುಗಿಯುವುದಿಲ್ಲ. ನಮ್ಮ ಪತ್ರಿಕೆಗಳಲ್ಲಿ ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆ, ಸೂಕ್ಷ್ಮ ಪ್ರದೇಶದಲ್ಲಿ ಬಿಗಿ ಬಂದೋಬಸ್ತ್ ಅಂತಲೇ ಓದಿ ಅಭ್ಯಾಸ. ಶಿಶುವಿಹಾರವನ್ನು ಸೂಕ್ಷ್ಮ ತಾಣ ಅಂದರೆ ಅಲ್ಲಿ ಗಲಾಟೆ ಆಗಿದೆಯೇನೋ ಅಂದುಕೊಳ್ಳುತ್ತಾರೆ. ‘ಮಕ್ಕಳು ಸೇರುವ ಜಾಗ’ ಅನ್ನೋಣವೆಂದರೆ ಕ್ಯಾಲಿಫೋರ್ನಿಯಾದ ಪಟ್ಟಿಗೆ ಸರಿಹೋಗುತ್ತದೆ. ಆದರೆ ವಾಷಿಂಗ್ಟನ್ ರಾಜ್ಯದ ಪಟ್ಟಿಯಲ್ಲಿ ಗ್ರಂಥಾಲಯ, ಪಾರ್ಕು, ಬಸ್ಸು-ರೈಲಿನ ನಿಲ್ದಾಣವೂ ಇವೆ. ಅಲ್ಲಿ ಈ ಪದ ನಿಲ್ಲುವುದಿಲ್ಲ.

‘ಗ್ರೀನ್ ಝೋನ್’ ಇನ್ನೂ ತಮಾಷೆ. ನಕ್ಷೆಯಲ್ಲಿ ಪ್ರತಿ ಶಾಲೆಯ ಸುತ್ತ ನಿಷೇಧದ ಗಡಿ ಎಳೆಯುತ್ತಾರೆ. ಮನೆಗಳಿಗೆ ಮೀಸಲಾದ ಬೀದಿಗಳನ್ನೂ ಬಿಟ್ಟು ಉಳಿಯುವ ತುಂಡು ಜಾಗಗಳೇ ಗ್ರೀನ್ ಝೋನ್, ಅಂದರೆ ಅಂಗಡಿ ತೆರೆಯಬಹುದಾದ ಕಡೆ. ಬೆಂಗಳೂರಿನಲ್ಲಿ ಸೈಟು ಕೊಂಡವರನ್ನು ಕೇಳಿ ನೋಡಿ: ಹಸಿರು ವಲಯ ಅಂದರೆ ಕಟ್ಟಡ ಕಟ್ಟಲು ಬಿಡದ ಜಾಗ. ಯೆಲ್ಲೋ ಝೋನ್ ಆದರೆ ಸರಿ, ಗ್ರೀನ್ ಬೆಲ್ಟ್ ಆದರೆ ಮುಟ್ಟಬೇಡ ಅನ್ನುತ್ತಾರೆ. ಅರ್ಥ ತಿರುಗುಮುರುಗು. ಹಾಗಾಗಿ ಬಣ್ಣವನ್ನೇ ಬಿಟ್ಟು ‘ಅಂಗಡಿಗೆ ಅವಕಾಶವಿರುವ ಜಾಗ’ ಅಂತ ಸದ್ಯಕ್ಕೆ ಇಟ್ಟಿದ್ದೇನೆ. ಉದ್ದವಾಯಿತು.

‘ಬಫರ್’, ಅಂದರೆ ಶಾಲೆಯ ಸುತ್ತ ಬಿಡಬೇಕಾದ ಅಂತರ, ತಲೆನೋವಲ್ಲ. ರಾಜಕಾಲುವೆ ಬಫರ್ ದೆಸೆಯಿಂದ ಆ ಪದ ಎಲ್ಲರಿಗೂ ಗೊತ್ತು. ಆದರೂ ನನಗೆ ಶಾಲೆಗಳ ಗೋಡೆ ಮೇಲಿನ ತಂಬಾಕು ಫಲಕದ ಕನ್ನಡವೇ ಇಷ್ಟ: ‘100 ಗಜದೊಳಗೆ ಮಾರಾಟ ನಿಷೇಧ’. ಅದೇ ಧಾಟಿಯಲ್ಲಿ ‘ಶಾಲೆಯಿಂದ 600 ಅಡಿಯೊಳಗೆ’ ಅಂದರೆ ಸಾಕು. 600 ಅಡಿ ಅಂದರೆ 200 ಗಜ, ತಂಬಾಕಿನ ಎರಡರಷ್ಟು. ಅಳೆಯುವುದು ಬಾಗಿಲಿಂದ ಬಾಗಿಲಿಗಲ್ಲ, ನಡೆಯುವ ದಾರಿಯಲ್ಲೂ ಅಲ್ಲ. ಶಾಲೆಯ ಜಾಗದ ಎಲ್ಲೆಯಿಂದ ಅಂಗಡಿ ಇರುವ ಜಾಗದ ಎಲ್ಲೆಗೆ, ನೇರ ಗೆರೆಯಲ್ಲಿ. ಇಲ್ಲಿ ‘ಚಕ್ಕುಬಂದಿ’ ಅಂತ ಬರೆದರೆ ಕ್ರಯಪತ್ರ ಓದಿದ ಹಿರಿಯರಿಗೆ ತಟ್ಟನೆ ಹೊಳೆಯುತ್ತದೆ. ಕಿರಿಯರಿಗೆ ಹೊಳೆಯದಿರಬಹುದು.

ಗಾಂಜಾ ಮಾರುವ ಅಂಗಡಿಗೆ ಇಲ್ಲಿ ‘ಡಿಸ್ಪೆನ್ಸರಿ’ ಅನ್ನುತ್ತಾರೆ. ಅದನ್ನು ಹಾಗೇ ಬಿಡುವುದು ಬೇಡ. ನಮ್ಮವರಿಗೆ ಅದು ಕಾಂಪೌಂಡರ್ ಇರುವ ಸರ್ಕಾರಿ ದವಾಖಾನೆ. ಸುಮ್ನೆ ‘ಗಾಂಜಾ ಅಂಗಡಿ’ ಅನ್ನೋಣ. ಗಾಂಜಾ ಅಂದರೆ ಪೊಲೀಸ್ ಸುದ್ದಿಯ ವಾಸನೆ ಬರುತ್ತದೆ, ‘ಕ್ಯಾನಬಿಸ್’ ಅನ್ನಿ ಎನ್ನುವವರಿದ್ದಾರೆ. ಕ್ಯಾನಬಿಸ್ ಅಂದರೆ ಹಿರಿಯರು ಮತ್ತೆ ‘ಹಾಗಂದ್ರೆ?’ ಅನ್ನುತ್ತಾರೆ.

ಪರ್ಮಿಟ್, ಲೈಸೆನ್ಸ್ ಎರಡೂ ಬೇಕು: ಒಂದು ಊರಿನದು, ಇನ್ನೊಂದು ರಾಜ್ಯದ್ದು. ಎರಡಕ್ಕೂ ‘ಪರವಾನಗಿ’ ಅಂದರೆ ಗೊಂದಲ. ಅಬಕಾರಿ ಇಲಾಖೆಯಲ್ಲಿ ‘ಸನ್ನದು’ ಇವತ್ತಿಗೂ ಬಳಕೆಯಲ್ಲಿದೆ. ಮದ್ಯದಂಗಡಿಯವನು ಸನ್ನದುದಾರ. ಆದ್ದರಿಂದ ರಾಜ್ಯದ್ದು ಸನ್ನದು, ಊರಿನದು ಪರವಾನಗಿ ಅಂತ ಹಂಚಿಕೊಂಡಿದ್ದೇನೆ. ತಕರಾರಿದ್ದರೆ ಹೇಳಿ.

ಅಬಕಾರಿ ಅಥವಾ ನಗರ ಯೋಜನೆಯಲ್ಲಿ ಕೆಲಸ ಮಾಡಿದವರು ಈ ಗುಂಪಿನಲ್ಲಿ ಇದ್ದೇ ಇರುತ್ತೀರಿ. ಮದ್ಯದಂಗಡಿಗೆ ಜಾಗ ನೋಡುವಾಗ ದೇವಸ್ಥಾನ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಲು ಕಚೇರಿಯಲ್ಲಿ ಏನನ್ನುತ್ತಿದ್ದಿರಿ? ಕಡತದ ಪದವಾದರೂ ಸರಿ, ಬಾಯಿಮಾತಿನದಾದರೆ ಇನ್ನೂ ಒಳ್ಳೆಯದು.