ಮೊದಲ ಸಲ ಸ್ನೋಬೋರ್ಡ್ (ಎರಡೂ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ) ಕಲಿಯುವವರ ಪ್ರಶ್ನೆಗಳು, ತರಬೇತುದಾರರ ಉತ್ತರಗಳು

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು, ಕ್ಯಾಲ್ಗರಿಗೆ ಬಂದು ಎರಡು ವರ್ಷವಾಯಿತು. ಹಿಂದಿನ ಎರಡೂ ಚಳಿಗಾಲಗಳನ್ನು ಮನೆಯೊಳಗೇ ಕಳೆದ ನಾವು ಈ ಜನವರಿಯಲ್ಲಿ ಸ್ನೋಬೋರ್ಡ್ ಕಲಿಯಬೇಕೆಂದು ನಿಶ್ಚಯಿಸಿದ್ದೇವೆ. ನನಗೆ 38 ವರ್ಷ. ಸ್ಕೇಟಿಂಗ್ ಆಗಲಿ ಸ್ಕೀಯಿಂಗ್ ಆಗಲಿ ಗೊತ್ತಿಲ್ಲ. ನನ್ನ ಪತ್ನಿಗೂ ಒಂಬತ್ತು ವರ್ಷದ ಮಗಳಿಗೂ ಇದು ಹೊಸದು. ಸ್ನೇಹಿತರೊಬ್ಬರು ಬ್ಯಾನ್ಫ್ ಕಡೆಯ ದೊಡ್ಡ ಬೆಟ್ಟಕ್ಕೇ ಕರೆದೊಯ್ದು ತಾವೇ ಕಲಿಸುವುದಾಗಿ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಬೀಳುವ ಭಯಕ್ಕೆ ಏನು ಮಾಡಬೇಕು?

ಉತ್ತರ: ನಮಸ್ಕಾರ. ನಿಮ್ಮ ಸ್ನೇಹಿತರ ಪ್ರೀತಿಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಮೊದಲ ದಿನ ದೊಡ್ಡ ಬೆಟ್ಟ ಬೇಡ. ಚೆನ್ನಾಗಿ ಬೋರ್ಡ್ ಆಡುವವರಿಗೆ ತಾವು ಮೊದಲ ದಿನ ಏನನ್ನು ತಿಳಿಯದೆ ಬಿದ್ದೆವು ಎಂಬುದು ಮರೆತುಹೋಗಿರುತ್ತದೆ. ಆದ್ದರಿಂದ ಅವರು ಹೊಸಬರನ್ನು ಬೆಟ್ಟ ಹತ್ತಿಸುವ ತೂಗುಕುರ್ಚಿಯ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದು, ಇಳಿಯಲು ಬೇರೆ ದಾರಿಯೇ ಇಲ್ಲದ ಜಾಗದಲ್ಲಿ ಪಾಠ ಆರಂಭಿಸುತ್ತಾರೆ. ನಿಮ್ಮ ಊರಿನಲ್ಲೇ, 1988ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಸಿದ್ಧಪಡಿಸಿದ ಗುಡ್ಡವಿದೆ. ಹೊಸಬರಿಗೆಂದೇ ಅಲ್ಲಿ ಸಣ್ಣ ಇಳಿಜಾರಿದ್ದು, ನಿಂತಲ್ಲೇ ಮೇಲಕ್ಕೆ ಸಾಗಿಸುವ ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿಯೂ ಇದೆ. ಅಲ್ಲಿ ಪ್ರಮಾಣಪತ್ರವಿರುವ ತರಬೇತುದಾರರ ಬಳಿ ಒಂದು ಗುಂಪು ಪಾಠ ತೆಗೆದುಕೊಳ್ಳಿ. ಮಗಳನ್ನು ಮಕ್ಕಳ ತರಗತಿಗೆ ಬೇರೆಯಾಗಿ ಸೇರಿಸಿ. ಅಪ್ಪ ಅಮ್ಮ ಬೀಳುವುದನ್ನು ನೋಡುತ್ತಾ ಕಲಿಯುವುದಕ್ಕಿಂತ ಓರಗೆಯವರೊಂದಿಗೆ ಅವಳು ಬೇಗ ಕಲಿಯುತ್ತಾಳೆ.

ದಿನವನ್ನು ಆರಿಸುವಾಗಲೂ ಎಚ್ಚರವಿರಲಿ. ಕ್ಯಾಲ್ಗರಿಯಲ್ಲಿ ಶಿನೂಕ್ ಎಂಬ ಬೆಚ್ಚಗಿನ ಗಾಳಿ ಬೀಸಿದಾಗ ಹಿಮದ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಮರುದಿನ ಬೆಳಿಗ್ಗೆ ಇಳಿಜಾರು ಕಲ್ಲುಹಾಸಿನಂತೆ ಗಟ್ಟಿಯಾಗಿರುತ್ತದೆ. ಅಂಥ ಬೆಳಿಗ್ಗೆ ಬಿದ್ದ ಹೊಸಬರು ಎಷ್ಟೋ ಮಂದಿ ಮತ್ತೆ ಬೋರ್ಡ್ ಮುಟ್ಟಿಲ್ಲ. ಹಿಮ ಬಿದ್ದ ಮರುದಿನ, ಸಾಧ್ಯವಾದರೆ ವಾರದ ನಡುವೆ, ಹೋಗುವುದು ಒಳ್ಳೆಯದು.

ಇನ್ನು ಬೀಳುವ ವಿಷಯ. ಸ್ನೋಬೋರ್ಡಿನಲ್ಲಿ ಬೀಳುವುದಕ್ಕೆ ಒಂದು ನಿಶ್ಚಿತ ಕಾರಣವಿದೆ, ಅದು ಅರ್ಥವಾದರೆ ಭಯದ ಅರ್ಧ ಭಾಗ ಇಳಿಯುತ್ತದೆ. ಬೋರ್ಡನ್ನು ಇಳಿಜಾರಿಗೆ ಅಡ್ಡವಾಗಿಟ್ಟು ನಿಂತಾಗ ಅದರ ಮೇಲ್ಬದಿಯ ಅಂಚು ಹಿಮವನ್ನು ಕಚ್ಚಿಕೊಂಡು ನಿಮ್ಮನ್ನು ಹಿಡಿದಿಡುತ್ತದೆ. ಗಮನ ತಪ್ಪಿ ಬೋರ್ಡ್ ಸಮತಟ್ಟಾಯಿತೆಂದರೆ ಕೆಳಬದಿಯ ಅಂಚು ಹಿಮಕ್ಕೆ ನಾಟಿಕೊಳ್ಳುತ್ತದೆ. ಬೋರ್ಡ್ ಅಲ್ಲೇ ನಿಲ್ಲುತ್ತದೆ, ದೇಹ ಮಾತ್ರ ಕೆಳಗಿನ ಕಡೆಗೆ ಎಸೆಯಲ್ಪಡುತ್ತದೆ. ನೀವು ಇಳಿಜಾರಿನ ಕೆಳಗೆ ಮುಖ ಮಾಡಿದ್ದರೆ ಮುಂದಕ್ಕೆ ಬೀಳುತ್ತೀರಿ, ಮೇಲಕ್ಕೆ ಮುಖ ಮಾಡಿದ್ದರೆ ಬೆನ್ನ ಹಿಂದಕ್ಕೆ ಬೀಳುತ್ತೀರಿ. ಎರಡನೆಯದು ತಲೆಯ ಹಿಂಭಾಗಕ್ಕೂ ಬೆನ್ನುಮೂಳೆಯ ತುದಿಗೂ ಪೆಟ್ಟು ತರುವುದರಿಂದ ಹೆಚ್ಚು ಅಪಾಯಕಾರಿ. ಹಿಮಕ್ರೀಡೆಗೆಂದೇ ಮಾಡಿದ ಹೆಲ್ಮೆಟ್ ಇಲ್ಲದೆ ನನ್ನ ತರಗತಿಯಲ್ಲಿ ಯಾರೂ ಬೋರ್ಡ್ ಕಟ್ಟುವುದಿಲ್ಲ. ಸೈಕಲ್ಲಿನ ಹೆಲ್ಮೆಟ್ ಇದಕ್ಕೆ ಸಾಲದು.

ಬೀಳುವಾಗ ಕೈಚಾಚಿ ಅಂಗೈಯೂರಿ ತಡೆದುಕೊಳ್ಳುವುದು ದೇಹದ ಸಹಜ ಗುಣ, ಹೊಸಬರ ಮಣಿಕಟ್ಟು ಮುರಿಯುವುದೂ ಅದರಿಂದಲೇ. ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು, ಮೊಣಕೈ ಮಡಚಿ, ಮೊಣಕಾಲು ಮತ್ತು ಮುಂಗೈಯ ಇಡೀ ಉದ್ದದ ಮೇಲೆ ಬೀಳಬೇಕು. ಹಿಂದಕ್ಕೆ ಬೀಳುವಾಗ ಕುಕ್ಕರುಗಾಲಿನಲ್ಲಿ ಕೂರುವವರಂತೆ ತಗ್ಗಿ, ಗದ್ದವನ್ನು ಎದೆಗೊತ್ತಿ, ಕೈಗಳನ್ನು ಎದೆಗೆ ಎಳೆದುಕೊಂಡು ಬೆನ್ನ ಮೇಲೆ ಉರುಳಬೇಕು. ಇದನ್ನು ಮನೆಯ ಹಾಸಿಗೆಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿಕೊಂಡೇ ಬನ್ನಿ. ಮಣಿಕಟ್ಟಿನ ಕವಚ, ಕುಂಡಿಯ ಭಾಗಕ್ಕೆ ಮೆತ್ತೆಯಿರುವ ಒಳಚಡ್ಡಿ, ಮೊಣಕಾಲಿನ ಮೆತ್ತೆ, ಈ ಮೂರಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ.

ಪ್ರಶ್ನೆ (ಅವರಿಂದಲೇ): ಬಹಳ ಧನ್ಯವಾದಗಳು ಮೇಡಂ. ಮೊದಲ ದಿನದ ಪಾಠದಲ್ಲಿ ಏನೇನು ಇರುತ್ತದೆ? ಒಂದೇ ದಿನದಲ್ಲಿ ತಿರುವು ತೆಗೆದುಕೊಂಡು ಇಳಿಯಲು ಬರುತ್ತದೆಯೇ?

ಉತ್ತರ: ಕೆಲವರಿಗೆ ಬರುತ್ತದೆ, ಬಹಳಷ್ಟು ಮಂದಿಗೆ ಎರಡು ಮೂರು ದಿನ ಬೇಕಾಗುತ್ತದೆ. ನಾನು ಮೊದಲ ದಿನ ನೋಡುವುದು ಎಷ್ಟು ದೂರ ಇಳಿದಿರಿ ಎಂಬುದನ್ನಲ್ಲ, ಬೇಕೆಂದ ಜಾಗದಲ್ಲಿ ನಿಲ್ಲಲು ಬಂದಿತೇ ಎಂಬುದನ್ನು.

ಯಾವ ಕಾಲು ಮುಂದಿರಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳುತ್ತೇವೆ. ನುಣುಪಾದ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಓಡಿ ಜಾರಿದರೆ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಸಾಮಾನ್ಯವಾಗಿ ಅದೇ ಮುಂಗಾಲು. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ ಎನ್ನುತ್ತಾರೆ, ಎರಡೂ ಸರಿಯೇ. ಬಳಿಕ ಮುಂಗಾಲನ್ನು ಮಾತ್ರ ಬೋರ್ಡಿಗೆ ಕಟ್ಟಿ, ಹಿಂಗಾಲಿನಿಂದ ನೆಲವನ್ನು ತಳ್ಳುತ್ತಾ ಸಮತಟ್ಟಿನ ಮೇಲೆ ಸುತ್ತಾಡುತ್ತೇವೆ. ಇದು ಬೇಸರದ ಕೆಲಸವೆಂದು ಅನೇಕರು ಬೇಗ ಮುಗಿಸಲು ನೋಡುತ್ತಾರೆ, ಆದರೆ ಲಿಫ್ಟಿನ ಸಾಲಿನಲ್ಲಿ ಸಾಗುವುದೂ ಲಿಫ್ಟಿನಿಂದ ಇಳಿಯುವುದೂ ಹೀಗೆಯೇ ಆದ್ದರಿಂದ ಅರ್ಧ ಗಂಟೆಯನ್ನಾದರೂ ಇದಕ್ಕೆ ಕೊಡಬೇಕು.

ಎರಡೂ ಕಾಲುಗಳನ್ನು ಕಟ್ಟಿದ ಮೇಲೆ ಬರುವುದು ಅಡ್ಡಜಾರು. ಗದ್ದೆಯಲ್ಲಿ ಹಲಗೆ ಹೊಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ಹಲಗೆಯು ಸಾಗುವ ದಿಕ್ಕಿಗೆ ಅಡ್ಡವಾಗಿದ್ದು ಕೆಸರನ್ನು ಸವರಿಕೊಂಡು ಹೋಗುವಂತೆ, ಬೋರ್ಡ್ ಇಳಿಜಾರಿಗೆ ಅಡ್ಡವಾಗಿದ್ದು ಹಿಮವನ್ನು ಸವರಿಕೊಂಡು ಕೆಳಗಿಳಿಯುತ್ತದೆ. ಹಿಮ್ಮಡಿಯನ್ನು ಸ್ವಲ್ಪ ಹೆಚ್ಚು ಒತ್ತಿದರೆ ನಿಲ್ಲುತ್ತದೆ, ಸಡಿಲಿಸಿದರೆ ಜಾರುತ್ತದೆ. ಆಮೇಲೆ ನೋಟವನ್ನೂ ಭಾರವನ್ನೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿಸಿದರೆ ಗಾಳಿಯಲ್ಲಿ ಉದುರುವ ಎಲೆಯಂತೆ ಆಚೀಚೆ ತೇಲುತ್ತಾ ಇಳಿಯಬಹುದು. ಹಿಮ್ಮಡಿಯ ಅಂಚಿನಲ್ಲಿ ಇದು ಬಂದ ಮೇಲೆ ಬೆಟ್ಟಕ್ಕೆ ಮುಖ ಮಾಡಿ ಕಾಲ್ಬೆರಳ ಅಂಚಿನಲ್ಲಿಯೂ ಮಾಡಬೇಕು. ಹಿಮ್ಮಡಿಯೊಂದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಇಳಿಯುವವರಿದ್ದಾರೆ. ಅವರಿಗೆ ತಿರುವು ಎಂದೂ ಬರುವುದಿಲ್ಲ.

ತಿರುವಿನಲ್ಲಿ ಬೋರ್ಡಿನ ಮೂಗು ನೇರವಾಗಿ ಕೆಳಗೆ ನೋಡುವ ಒಂದು ಕ್ಷಣವಿದೆ, ಎಲ್ಲರೂ ಹೆದರುವುದು ಅಲ್ಲಿಯೇ. ನಾನು ಮಲೆನಾಡಿನವಳು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆದು ಬೆಳೆದ ಮೈಗೆ ಜಾರುತ್ತಿದೆ ಎನಿಸಿದೊಡನೆ ಭಾರವನ್ನು ಹಿಂಗಾಲಿಗೆ ಎಳೆದುಕೊಳ್ಳುವುದು ರೂಢಿಯಾಗಿತ್ತು. ಬೋರ್ಡಿನ ಮೇಲೆ ಆ ರೂಢಿಯನ್ನು ಬಿಡಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಭಾರ ಹಿಂದಕ್ಕೆ ಹೋದರೆ ಮುಂಭಾಗಕ್ಕೆ ಹಿಡಿತ ತಪ್ಪಿ ಬೋರ್ಡ್ ತಿರುಗುವುದೇ ಇಲ್ಲ, ನೇರವಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಆ ಕ್ಷಣದಲ್ಲಿ ಮೊಣಕಾಲು ಮಡಚಿ, ಮುಂಗಾಲಿನ ಮೇಲೆ ಭಾರವಿಟ್ಟು, ಹೋಗಬೇಕಾದ ಕಡೆಗೆ ನೋಡಬೇಕು. ಕಾಲಿನ ಕಡೆ ನೋಡಿದವರು ಕಾಲ ಬಳಿಯೇ ಬೀಳುತ್ತಾರೆ.

ಪ್ರಶ್ನೆ (ಒಂಟಾರಿಯೋದಿಂದ ಮತ್ತೊಬ್ಬರು): ಮೇಡಂ, ಬೋರ್ಡ್ ಮತ್ತು ಬೂಟುಗಳನ್ನು ರಿಯಾಯಿತಿ ದರದಲ್ಲಿ ಈಗಲೇ ಕೊಂಡುಕೊಳ್ಳಬಹುದೇ? ಬಟ್ಟೆ ಎಂಥದಿರಬೇಕು?

ಉತ್ತರ: ಮೊದಲ ಮೂರು ನಾಲ್ಕು ಸಲ ಬಾಡಿಗೆಯೇ ಸಾಕು. ನಿಲ್ಲಿಸಿದಾಗ ಗದ್ದ ಮತ್ತು ಮೂಗಿನ ನಡುವೆ ಬರುವ, ಸುಲಭವಾಗಿ ಬಾಗುವ ಬೋರ್ಡ್ ಕೇಳಿ. ಹಣ ಕೂಡಿದಾಗ ಮೊದಲು ಕೊಳ್ಳಬೇಕಾದದ್ದು ಬೋರ್ಡಲ್ಲ, ಬೂಟು. ನೇರ ನಿಂತಾಗ ಬೆರಳ ತುದಿ ಮುಂಭಾಗವನ್ನು ಮೆಲ್ಲನೆ ಸೋಕಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಕಾಲುಚೀಲ ಒಂದೇ ಜೊತೆ ಇರಲಿ. ಎರಡು ಹಾಕಿದರೆ ಬೂಟು ಬಿಗಿಯಾಗಿ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಹತ್ತಿಯ ಬನಿಯನ್, ಜೀನ್ಸ್ ಬೇಡ, ಅವು ಬೆವರಿನಲ್ಲಿಯೂ ಹಿಮದಲ್ಲಿಯೂ ತೊಯ್ದು ಮೈಯನ್ನು ಕೊರೆಯುತ್ತವೆ. ಮೈಗೆ ಉಣ್ಣೆಯ ಅಥವಾ ಸಿಂಥೆಟಿಕ್ ಒಳಉಡುಪು, ಮೇಲೆ ಫ್ಲೀಸ್, ಹೊರಗೆ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು ಸಾಕು.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬರು): ಫೆಬ್ರವರಿಯಲ್ಲಿ ನಾಲ್ಕು ದಿನ ಗುಲ್ಮಾರ್ಗಿಗೆ ಹೋಗುತ್ತಿದ್ದೇವೆ. ಅಲ್ಲಿನ ಗೋಂಡೋಲಾದಲ್ಲಿ (ತಂತಿಯ ಮೇಲೆ ಸಾಗುವ ಕೇಬಲ್ ಕಾರಿನಲ್ಲಿ) ಮೇಲಿನವರೆಗೂ ಹೋಗಿ ಬೋರ್ಡ್ ಮಾಡಬಹುದೇ?

ಉತ್ತರ: ಗೋಂಡೋಲಾದಲ್ಲಿ ನೋಡಲು ಹೋಗಿ ಬನ್ನಿ, ಬೋರ್ಡ್ ಕಟ್ಟಿಕೊಂಡು ಮಾತ್ರ ಹೋಗಬೇಡಿ. ಎರಡನೆಯ ಹಂತದ ಗೋಂಡೋಲಾ ತಲುಪುವ ಅಫರ್ವಾತ್ ಬೆಟ್ಟದ ಭಾಗವು 3,900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿನ ಆಳವಾದ ಪುಡಿಹಿಮ ನುರಿತವರನ್ನು ಲೋಕದ ಮೂಲೆಮೂಲೆಗಳಿಂದ ಸೆಳೆಯುತ್ತದೆ, ಬೆಟ್ಟದಿಂದ ಹಿಮರಾಶಿ ಕುಸಿದು ಬರುವ ಅಪಾಯವೂ ಅಲ್ಲಿ ನಿಜವಾದದ್ದು. ನಿಮಗೆ ಬೇಕಾದ ಸೌಮ್ಯವಾದ ಇಳಿಜಾರುಗಳು ಕೆಳಗೆ ಗುಲ್ಮಾರ್ಗಿನ ಹುಲ್ಲುಗಾವಲಿನಲ್ಲೇ ಇವೆ. ಆ ಜಾಗವೇ ಸುಮಾರು 2,650 ಮೀಟರ್ ಎತ್ತರದಲ್ಲಿರುವುದರಿಂದ ಬೆಂಗಳೂರಿನಿಂದ ಹೋದವರಿಗೆ ಬೇಗ ಏದುಸಿರು ಬರುತ್ತದೆ. ಮೊದಲ ದಿನ ವಿಶ್ರಾಂತಿಗೆ ಬಿಡಿ, ನೀರು ಹೆಚ್ಚು ಕುಡಿಯಿರಿ. ಹೊಸ ಹಿಮ ಅತಿನೇರಳೆ ಕಿರಣಗಳ ಶೇಕಡಾ 80ರವರೆಗೂ ಪ್ರತಿಫಲಿಸಬಲ್ಲದು. ಮೋಡವಿದ್ದರೂ ಗಾಗಲ್ಸ್ ತೆಗೆಯಬೇಡಿ, ಗದ್ದದ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.

ಪ್ರಶ್ನೆ (ವಿದ್ಯಾರ್ಥಿನಿಯೊಬ್ಬರು): ಅಕ್ಕಾ, ನನಗೆ ಇಳಿಜಾರಿಗಿಂತ ಚೇರ್‌ಲಿಫ್ಟಿನದೇ ಭಯ.

ಉತ್ತರ: ಆ ಭಯ ಸಹಜವಮ್ಮಾ. ಮುಂಗಾಲು ಮಾತ್ರ ಕಟ್ಟಿರಲಿ. ಇಳಿಯುವ ಜಾಗ ಸಮೀಪಿಸಿದಾಗ ಬೋರ್ಡಿನ ಮೂಗನ್ನು ನೇರ ಮುಂದಕ್ಕೆ ಹಿಡಿ, ಬೋರ್ಡ್ ಹಿಮವನ್ನು ಮುಟ್ಟಿದಾಗ ಹಿಂಗಾಲನ್ನು ಹಿಂದಿನ ಬೈಂಡಿಂಗಿಗೆ (ಬೂಟನ್ನು ಬೋರ್ಡಿಗೆ ಬಿಗಿಯುವ ಕಟ್ಟಿಗೆ) ಒತ್ತಿ ಬೋರ್ಡಿನ ಮೇಲಿಟ್ಟು ಎದ್ದು ನಿಲ್ಲು, ತಿರುಗಲು ಹೋಗದೆ ಬೋರ್ಡ್ ತಾನಾಗಿ ನಿಲ್ಲುವವರೆಗೂ ನೇರ ಸಾಗು. ಮೊದಲ ಸಲವೆಂದು ಲಿಫ್ಟಿನ ಸಿಬ್ಬಂದಿಗೆ ಮೊದಲೇ ಹೇಳಿದರೆ ವೇಗ ತಗ್ಗಿಸಿಕೊಡುತ್ತಾರೆ. ಬಿದ್ದರೆ ಬೇಗ ಪಕ್ಕಕ್ಕೆ ಸರಿದುಬಿಡು, ಹಿಂದಿನ ಕುರ್ಚಿಯವರು ಬರುತ್ತಿರುತ್ತಾರೆ. ಇಳಿಜಾರಿನಲ್ಲಿಯೂ ನಡುದಾರಿಯಲ್ಲಿ ಅಥವಾ ಮೇಲಿನವರಿಗೆ ಕಾಣದ ದಿಬ್ಬದ ಮರೆಯಲ್ಲಿ ಕೂರಬೇಡ. ನಿನಗಿಂತ ಕೆಳಗಿರುವವರಿಗೆ ದಾರಿ ಬಿಡುವುದು ಎಂದಿಗೂ ನಿನ್ನ ಹೊಣೆ.

ಪ್ರಶ್ನೆ (ಎಡ್ಮಂಟನ್ನಿನಿಂದ ಒಬ್ಬರು): ಕಳೆದ ಶನಿವಾರ ಮೊದಲ ಪಾಠದಲ್ಲಿಯೇ ಅಂಗೈಯೂರಿ ಬಿದ್ದೆ. ಊತ ಇಳಿದಿದೆ, ಆದರೆ ಹೆಬ್ಬೆರಳಿನ ಬುಡದಲ್ಲಿ ಒತ್ತಿದರೆ ನೋವಿದೆ. ಈ ವಾರ ಮತ್ತೆ ಹೋಗಬಹುದೇ?

ಉತ್ತರ: ದಯವಿಟ್ಟು ಹೋಗಬೇಡಿ, ಮೊದಲು ವೈದ್ಯರಿಗೆ ತೋರಿಸಿ. ಹೆಬ್ಬೆರಳಿನ ಬುಡದಲ್ಲಿರುವ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಹೀಗೆ ಬಿದ್ದಾಗ ಬಿರುಕು ಬಿಡುವುದುಂಟು, ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೆ ಹೋಗುವುದೂ ಉಂಟು. ಅದಕ್ಕೆ ರಕ್ತಪೂರೈಕೆ ಕಡಿಮೆಯಾದ್ದರಿಂದ ನಿರ್ಲಕ್ಷಿಸಿದರೆ ಕೂಡಿಕೊಳ್ಳದೆ ಉಳಿಯಬಹುದು. ಬಿದ್ದ ರೀತಿಯನ್ನೂ ನೋವಿನ ಜಾಗವನ್ನೂ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಎಕ್ಸ್-ರೇ ಸರಿಯಿದ್ದೂ ನೋವು ಉಳಿದರೆ ಕೆಲವು ದಿನಗಳ ನಂತರ ಮತ್ತೆ ತೋರಿಸಿ. ಕಾಯ್ದಿರಿಸಿದ ಪಾಠವನ್ನು ಮುಂದೂಡಲು ತರಬೇತಿ ಕೇಂದ್ರಕ್ಕೆ ಇಂದೇ ಕರೆ ಮಾಡಿ ಕೇಳಿ. ಏಪ್ರಿಲ್‌ವರೆಗೂ ಹಿಮವಿರುತ್ತದೆ.