2019ರ ಸ್ವಿಫ್ಟ್ ಇನ್ಶೂರೆನ್ಸ್: ಶೋರೂಮಲ್ಲಿ 15,800, ಮೊಬೈಲಲ್ಲಿ 9,100!

ಕಲ್ಲಹಳ್ಳಿ ಹೈದ, ಮಂಡ್ಯ

ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗನ ಹತ್ರ 2019ರ ಸ್ವಿಫ್ಟ್ ತಗೊಂಡಿದ್ದೀನಿ. ಪೆಟ್ರೋಲ್, 1,197 ಸಿಸಿ. ಆರ್‌ಸಿ ಮೊನ್ನೆ ನನ್ನ ಹೆಸರಿಗಾಯ್ತು, ಇನ್ಶೂರೆನ್ಸ್ ಇನ್ನೂ ಅಣ್ಣನ ಹೆಸರಲ್ಲೇ ಇದೆ, ಮುಂದಿನ ತಿಂಗಳು ಮುಗಿಯುತ್ತೆ. ರಿನ್ಯೂವಲ್‌ಗೆ ಶೋರೂಮಿನವರು 15,800 ಅಂತಾರೆ. ಮೊಬೈಲಲ್ಲಿ 50 ಪರ್ಸೆಂಟ್ ಎನ್‌ಸಿಬಿ (ಕ್ಲೇಮ್ ಮಾಡದಿದ್ದಕ್ಕೆ ಸಿಗೋ ರಿಯಾಯಿತಿ) ಹಾಕಿ 9,100 ತೋರಿಸ್ತಿದೆ. ನಮ್ಮಪ್ಪಂದು ಬೇರೇನೇ ರಾಗ: "ಥರ್ಡ್ ಪಾರ್ಟಿ ಹಾಕ್ಸಿ ಬುಡ್ಲಾ, ಪೊಲೀಸ್ನೋರ್ಗೆ ತೋರ್ಸಕ್ಕೆ ಸಾಕು." ಆದ್ರೆ ನಾನು ದಿನಾ ಮದ್ದೂರಿಗೆ ಓಡಾಡ್ಬೇಕು. ಕಬ್ಬಿನ ಟ್ರ್ಯಾಕ್ಟರ್ ಯಾವುದು ಎಲ್ಲಿ ಉಜ್ಜುತ್ತೋ ಹೇಳಕ್ಕಾಗಲ್ಲ. ಏನ್ ಮಾಡ್ಲಿ?

ಹೆಬ್ಬಾಳ ಬಾಡಿಶಾಪ್, ಮೈಸೂರು

ಮೊದ್ಲು ಆ ಎನ್‌ಸಿಬಿ ಆಸೆ ಬಿಡಿ. ಕ್ಲೇಮ್ ಇಲ್ದೆ ಓಡಿಸಿದ್ದು ನಿಮ್ಮಣ್ಣ. ಆ ರಿಯಾಯಿತಿ ಅವರದು, ಕಾರಿನ ಜೊತೆ ಬರಲ್ಲ. ನಿಮ್ಮದು ಸೊನ್ನೆಯಿಂದ ಶುರು. ಒಂದು ವರ್ಷ ಕ್ಲೇಮ್ ಇಲ್ದಿದ್ರೆ 20, ಆಮೇಲೆ 25, 35, 45, ಕೊನೆಗೆ 50. ಮೊಬೈಲಲ್ಲಿ 50 ಒತ್ತಿ ದುಡ್ಡು ಕಟ್ಟಿದ್ರೆ ಪಾಲಿಸಿ ಬಂದುಬಿಡುತ್ತೆ. ಕ್ಲೇಮ್‌ಗೆ ಹೋದಾಗ ಹಳೇ ಪಾಲಿಸಿ ಕೆದಕ್ತಾರೆ, ಆಗ ಗೋವಿಂದ.

ಇನ್ನೊಂದು ಅರ್ಜೆಂಟ್ ವಿಷಯ. ಗಾಡಿ ಕೈ ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸ್ಬೇಕು. ಥರ್ಡ್ ಪಾರ್ಟಿ ಭಾಗ ತಾನಾಗೇ ನಿಮಗೆ ಬಂದಿರುತ್ತೆ, ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಕಾರಿನ ಡ್ಯಾಮೇಜ್‌ಗೆ ಕೊಡೋ ಭಾಗ, ಬಂದಿರಲ್ಲ. ಮುಂದಿನ ತಿಂಗಳವರೆಗೆ ಕಾಯೋ ಮಾತೇ ಬೇಡ.

ಈಗ ರೇಟು. ಥರ್ಡ್ ಪಾರ್ಟಿಗೆ ಸರ್ಕಾರವೇ ದರ ಗೊತ್ತು ಮಾಡುತ್ತೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ ನಿಮ್ಮ ಸಿಸಿಗೆ 3,416, ಮೇಲೆ ಜಿಎಸ್‌ಟಿ. ಯಾವ ಕಂಪನಿಗೆ ಕಟ್ಟಿದ್ರೂ ಅಷ್ಟೇ. ಚೌಕಾಸಿ ಏನಿದ್ರೂ ಓನ್ ಡ್ಯಾಮೇಜ್‌ನಲ್ಲಿ. ಅಲ್ಲಿ ಕಮ್ಮಿ ತೋರಿಸಕ್ಕೆ ಐಡಿವಿ, ಅಂದ್ರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿರೋ ಬೆಲೆ, ಇಳಿಸಿರ್ತಾರೆ. ಕಾರು ಕಳುವಾದ್ರೆ ನಿಮಗೆ ಸಿಗೋದು ಆ ಐಡಿವಿ ಲೆಕ್ಕದಲ್ಲೇ, ಹಾಗಾಗಿ ಎರಡೂ ಕಡೆ ಒಂದೇ ಐಡಿವಿ ಹಾಕಿ ನೋಡಿ.

ನಮ್ಮ ಶಾಪಿಗೆ ಬರೋ ಬಿಲ್ ಕತೆ ಕೇಳಿ. ಕಬ್ಬಿನ ಜಲ್ಲೆ ಬಡಿದು ಮುಂದಿನ ಗ್ಲಾಸ್ ಹೋದ್ರೆ, ಗ್ಲಾಸಿಗೆ ಸವಕಳಿ (ಬಳಸಿ ಸವೆದ ಲೆಕ್ಕದ ಕಡಿತ) ಕಡಿಯಲ್ಲ. ಬಂಪರ್ ಪ್ಲಾಸ್ಟಿಕ್, ಸವಕಳಿ ಅಂತ ಅರ್ಧ ನಿಮ್ಮ ತಲೆ ಮೇಲೆ. ಜೊತೆಗೆ ಪ್ರತಿ ಕ್ಲೇಮ್‌ಗೂ 1,000 ಕಡಿತ. ಅಂದ್ರೆ 6,000ದ ಬಂಪರ್‌ಗೆ ಕಂಪನಿ ಕೊಡೋದು 2,000. ಅಷ್ಟಕ್ಕೆ ಕ್ಲೇಮ್ ಹಾಕಿ ಎನ್‌ಸಿಬಿ ಕಳ್ಕೊಳ್ಳೋರನ್ನ ವಾರವಾರ ನೋಡ್ತೀನಿ!

ಕುವೆಂಪುನಗರದ ಅಕ್ಕ

ನಿಮ್ಮಪ್ಪಾಜಿಗೆ ಹೇಳಪ್ಪ, ಥರ್ಡ್ ಪಾರ್ಟಿ ಎದುರಿನವರಿಗೆ ಕೊಡೋದು, ನಿನ್ನ ಸ್ವಿಫ್ಟಿಗೆ ಒಂದು ಬಿಡಿಗಾಸೂ ಇಲ್ಲ. ಬೆಂಗಳೂರಿಗೂ ಓಡಾಟ ಇದ್ರೆ ಎಂಜಿನ್ ಕವರ್ (ಎಂಜಿನ್‌ಗೆ ಹೆಚ್ಚುವರಿ ಇನ್ಶೂರೆನ್ಸ್) ವಿಚಾರಿಸು. 2022ರ ಆಗಸ್ಟ್‌ನಲ್ಲಿ ರಾಮನಗರದ ಹತ್ರ ಹೈವೇ ಮೇಲೇ ಕಾರುಗಳು ಮುಳುಗಿದ್ವಲ್ಲ. ಹಾಗೆ ನೀರಲ್ಲಿ ನಿಂತ ಗಾಡೀನ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ರೆ, ಮಾಮೂಲಿ ಪಾಲಿಸಿಯಲ್ಲಿ ಕೊಡಲ್ಲ ಅಂತಾರೆ.

ಕಲ್ಲಹಳ್ಳಿ ಹೈದ, ಮಂಡ್ಯ

ಥ್ಯಾಂಕ್ಸ್ ಅಕ್ಕ. ಸಾರ್, ಬಂಪರ್ ಟು ಬಂಪರ್ (ಸವಕಳಿ ಕಡಿಯದ ಕವರ್) ಹಾಕಿಸಿದ್ರೆ ಆ ಅರ್ಧದ ಕಾಟ ಇರಲ್ವಾ?

ಹೆಬ್ಬಾಳ ಬಾಡಿಶಾಪ್, ಮೈಸೂರು

ಇರಲ್ಲ. ಆದ್ರೆ ಐದು ವರ್ಷ ದಾಟಿದ ಕಾರಿಗೆ ಬಹಳ ಕಂಪನಿಯವರು ಕೊಡಲ್ಲ, ಕೊಟ್ರೂ ದುಬಾರಿ. ಶೋರೂಮಿನ 15,800ರಲ್ಲಿ ಏನೇನು ಸೇರಿಸಿದ್ದಾರೆ ಅಂತ ಬಿಡಿಬಿಡಿಯಾಗಿ ಬರೆಸ್ಕೊಂಡು ಬಂದು ಇಲ್ಲಿ ಹಾಕಿ. ಬೇಡದ್ದನ್ನ ಹೊಡೆದುಹಾಕೋಣ.